ಹೊಳೆ ಇರುವ ನ್ಯೂಕ್ಯಾಸಲ್

ದಾರಿ ಕೇಳಿದವರಿಗೆ ನಾನು ಬಹಳ ಖಚಿತವಾಗಿ ದಾರಿ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಬಹುಕಾಲ ಭೂಗೋಳ ಪಾಠ ಮಾಡಿದವರಿಗೆ ಅಂಟುವ ರೋಗ ಇದು. ನಾನು ತೋರಿಸಿದ ದಾರಿಯಲ್ಲಿ ಹೋದವರು ಯಾರೂ ತಿರುಗಿ ಬಂದು ತಪ್ಪಾಯಿತೆಂದು ದೂರಿಲ್ಲ. ಅವರು ತಿರುಗಿ ಬಂದೇ ಇಲ್ಲದಿರುವುದು ಇದಕ್ಕೆ ಕಾರಣವಿರಬಹುದೆಂದು ನನ್ನ ಹೆಂಡತಿ ಹೇಳುತ್ತಾಳೆ. ಇನ್ನು ನಾನೇ ದಾರಿ ತಪ್ಪಿದ್ದು ಇಷ್ಟು ಆಯುಷ್ಯದಲ್ಲಿ ಒಂದೇ ಸಲ. ನೋಡಹೋದರೆ ಅದೂ ದಾರಿ ತಪ್ಪಿದ್ದಲ್ಲ. ಹೋಗಬೇಕಾದ ಹೆಸರಿನ ಊರಿಗೇ ಹೋಗಿ ಇಳಿದಿದ್ದೆ. ಊರು ಮಾತ್ರ ಬೇರೆಯದಾಗಿತ್ತು.

ಕೊಟ್ಟೂರಿನ ಕಡೆ ಹುಟ್ಟಿದವನಿಗೆ ಈ ವಿಷಯದಲ್ಲಿ ತರಬೇತಿ ಸಾಲದೆಂದು ಯಾರೂ ಹೇಳುವಂತಿಲ್ಲ. ನಮ್ಮಲ್ಲಿ ಹಡಗಲಿ ಎರಡಿವೆ. ಒಂದು ಹೂವಿನಹಡಗಲಿ, ಒಂದು ಹಿರೇಹಡಗಲಿ. ಹಿರೇ ಎಂದು ಹಿರಿತನ ಹಚ್ಚಿಕೊಂಡದ್ದು ಹಳ್ಳಿಯಾಗಿಯೇ ಉಳಿಯಿತು. ಹೂವು ಮುಡಿದುಕೊಂಡದ್ದು ತಾಲ್ಲೂಕು ಕಚೇರಿ, ಕೋರ್ಟು ಎಲ್ಲ ಗಿಟ್ಟಿಸಿಕೊಂಡು ಊರಾಯಿತು. ಇದರಿಂದ ಹಿರಿಯರು ಕಲಿಯಬೇಕಾದ ಪಾಠವೊಂದಿದೆ, ಆದರೆ ಅವರು ಕಲಿಯುವುದಿಲ್ಲ. ಬೊಮ್ಮನಹಳ್ಳಿಗಳಿಗಂತೂ ಲೆಕ್ಕವೇ ಇಲ್ಲ. ಯಾರೋ ಒಬ್ಬ ಬೊಮ್ಮ ಹೋದಹೋದಲ್ಲಿ ಹಳ್ಳಿ ಕಟ್ಟಿಸುತ್ತ ನಡೆದಿರಬೇಕು. ಗುರುತಿಗಿರಲೆಂದು ನಮ್ಮದಕ್ಕೆ ಹಗರಿ ಹೊಳೆಯನ್ನು ಮುಂದೆ ಕಟ್ಟಿ ಹಗರಿಬೊಮ್ಮನಹಳ್ಳಿ ಎಂದರು. ಅದು ಬಸ್ಸಿನ ಬೋರ್ಡಿಗೆ ಉದ್ದವಾಯಿತೆಂದು ಎಚ್.ಬಿ. ಹಳ್ಳಿ ಮಾಡಿದರು. ಈಗ ಹೆಸರಿನಲ್ಲಿ ಹೊಳೆಯೂ ಇಲ್ಲ, ಬೊಮ್ಮನೂ ಇಲ್ಲ.

ನನ್ನ ಸೋದರಮಾವ ಒಮ್ಮೆ ಬೊಮ್ಮನಹಳ್ಳಿಯಲ್ಲಿ ದೂರದ ಬೀಗರೊಬ್ಬರು ತೀರಿಕೊಂಡರೆಂದು ಕೇಳಿ ಮಾತಾಡಿಸಲು ಹೊರಟ. ಬೇರೊಂದು ಬೊಮ್ಮನಹಳ್ಳಿಯಲ್ಲಿ ಇಳಿದ. ಅಲ್ಲೂ ಒಂದು ಸಾವಾಗಿತ್ತು. ಕೂತು ಅತ್ತ, ಸತ್ತವರ ಗುಣಗಾನ ಮಾಡಿದ, ಅವರು ಕೊಟ್ಟ ಚಾ ಕುಡಿದು ಬಂದ. ತಪ್ಪು ತಿಳಿದದ್ದು ತಿಂಗಳ ಮೇಲೆ. “ಅತ್ತದ್ದೇನೂ ಸುಳ್ಳಲ್ಲಲೇ” ಎಂದು ಸಮಾಧಾನ ಹೇಳಿಕೊಂಡ. ನಮ್ಮ ಕೊಟ್ಟೂರೂ ಒಂಟಿಯಲ್ಲ. ಉತ್ತರದ ಸಾಮ್ರಾಟನೊಬ್ಬ ತಾನು ಗೆದ್ದ ರಾಜರ ಊರುಗಳನ್ನು ಕಂಬದ ಮೇಲೆ ಕೆತ್ತಿಸಿದ್ದಾನೆ, ಅದರಲ್ಲಿ ಒಂದು ಕೊಟ್ಟೂರು ಬರುತ್ತದೆ. ನಮ್ಮ ಶಾಲೆಯ ಇತಿಹಾಸದ ಮಾಸ್ತರರು ಅದು ನಮ್ಮದೇ ಎಂದು ಹುಡುಗರಿಗೆ ಹೇಳುತ್ತಿದ್ದರು. ಅದು ಪೂರ್ವ ಕರಾವಳಿಯ ಕಡೆಯದೆಂದು ಬಲ್ಲವರ ಅಭಿಪ್ರಾಯವೆಂದು ನಾನೆಂದೆ. ಸೋತ ಊರೂ ಬೇರೆಯವರ ಪಾಲಾಗುತ್ತದೆಂದು ಅವರಿಗೆ ಬೇಸರವಾಯಿತು.

ಇಷ್ಟೆಲ್ಲ ಗೊಂದಲವಿದ್ದೂ ನಮ್ಮ ಜನ ಊರು ಮುಟ್ಟುತ್ತಾರಲ್ಲ, ಹೇಗೆ? ಎರಡು ಕಟ್ಟಳೆಗಳಿವೆ. ದೊಡ್ಡ ಊರಿಗೆ ಬರೀ ಹೆಸರು ಸಾಕು, ಸಣ್ಣ ಊರಿಗೆ ಮುಂದೊಂದು ಬಾಲ ಬೇಕು, ಇದು ಮೊದಲನೆಯದು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ “ಹಡಗಲಿ, ಹಡಗಲಿ” ಎಂದು ಕೂಗಿದರೆ ಅದು ಹೂವಿನಹಡಗಲಿಯೇ. ಹಳ್ಳಿಗೆ ಹೋಗುವವನು ತಾನಾಗಿ “ಹಿರೇಹಡಗಲಿ” ಎನ್ನುತ್ತಾನೆ. ಎರಡನೆಯದು, ಹಾಗೂ ಅನುಮಾನ ಬಂದರೆ ಯಾವ ಊರಿಗೆ ಎಂದು ಯಾರೂ ಕೇಳುವುದಿಲ್ಲ, “ಯಾರ ಮನಿಗೆ?” ಎಂದು ಕೇಳುತ್ತಾರೆ. ಮನೆ ಹೇಳಿದರೆ ಊರನ್ನು ಕಂಡಕ್ಟರೇ ನಿರ್ಧರಿಸುತ್ತಾನೆ. ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಪ್ರಯಾಣಿಕನಿಗೆ ಗೊತ್ತಿರಲೇಬೇಕೆಂಬ ಹಟ ನಮ್ಮಲ್ಲಿಲ್ಲ.

ಈ ಎರಡು ಕಟ್ಟಳೆಗಳನ್ನು ಕಟ್ಟಿಕೊಂಡು ನಾನು ಎಂಬತ್ತರ ದಶಕದ ಶುರುವಿನಲ್ಲಿ ಇಂಗ್ಲೆಂಡಿಗೆ ಹೋದೆ. ಗ್ರಾಮೀಣ ಶಾಲೆಗಳ ಉಪಾಧ್ಯಾಯರನ್ನು ಕರೆಸಿ ಅಲ್ಲಿನ ಶಾಲೆ ತೋರಿಸುವ ಒಂದು ಸಂಘವಿತ್ತು. ನಮ್ಮ ಹೆಡ್‌ಮಾಸ್ತರರು ಹೋಗಬೇಕಿತ್ತು. ಜೋಳದ ರೊಟ್ಟಿ ಇಲ್ಲದ ದೇಶದಲ್ಲಿ ತಮಗೆ ಹೊಟ್ಟೆ ನಿಲ್ಲುವುದಿಲ್ಲವೆಂದು ಅವರು ನನ್ನ ಹೆಸರು ಕೊಟ್ಟರು. ಹೀಗೆ ನನ್ನ ಹೊಟ್ಟೆಯ ಅರ್ಹತೆಯ ಮೇಲೆ ಆಯ್ಕೆಯಾದೆ.

ಸುದ್ದಿ ಓಣಿಯಲ್ಲಿ ಹರಡಿದ ಸಂಜೆಯೇ ಪಾರ್ವತಕ್ಕ ಬಂದಳು. ಪಾರ್ವತಕ್ಕ ನಮ್ಮ ಎದುರುಮನೆಯವಳು, ಶೇಂಗಾ ವ್ಯಾಪಾರದ ಮನೆತನದ ಹೆಣ್ಣುಮಗಳು. ಗಂಡ ತೀರಿದ ಮೇಲೆ ವ್ಯಾಪಾರವನ್ನು ತಾನೇ ನಡೆಸುತ್ತಿದ್ದಳು. ಅವಳ ಒಬ್ಬಳೇ ಮಗಳು ಶಾಂತಾ. ನನ್ನ ಕ್ಲಾಸಿನಲ್ಲಿ ಭೂಗೋಳ ಓದಿದವಳು. ಹರಪನಹಳ್ಳಿಯ ಡಾಕ್ಟರ್ ಹುಡುಗನನ್ನು ಮದುವೆಯಾಗಿ ಗಂಡನ ಜೊತೆ ಇಂಗ್ಲೆಂಡಿನಲ್ಲಿದ್ದಳು. ಚೊಚ್ಚಲ ಬಸುರಿ, ಐದನೆಯ ತಿಂಗಳು ಹತ್ತಿರ ಬಂದಿತ್ತು. ಹೆರಿಗೆಗೆ ತವರಿಗೆ ಬರುವಂತಿರಲಿಲ್ಲ.

“ಮಾಸ್ತರ್ರ, ನೀವು ಆ ದೇಶಕ್ಕ ಹೊಂಟೀರಿ ಅಂದ್ರು. ನನ್ನ ಮಗಳಿಗೆ ಕಳ್ಳಕುಬಸ ಮುಟ್ಟಸ್ರಿ” ಎಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲ ಬಸುರಿಗೆ ಏಳನೆಯ ತಿಂಗಳಲ್ಲಿ ಎಲ್ಲರನ್ನೂ ಕರೆದು ಕುಬಸ ಮಾಡುವುದುಂಟು. ಅದಕ್ಕೂ ಮುಂಚೆ, ಐದರಲ್ಲಿ, ತವರಿನವರು ಯಾರಿಗೂ ಸುಳಿವು ಕೊಡದೆ ಹೋಗಿ ಹುಡುಗಿಯ ಉಡಿ ತುಂಬಿ, ಹಸಿರು ಬಳೆ ಇಡಿಸಿ ಬರುತ್ತಾರೆ. ಅದು ಕಳ್ಳಕುಬಸ. ಹುಡುಗಿಗೂ ಮೊದಲೇ ತಿಳಿಯಬಾರದು. ತಿಳಿಸಿ ಮಾಡಿದರೆ ಅದು ಕಳ್ಳಕುಬಸವಾಗುವುದಿಲ್ಲ, ಬರೀ ಬೀಗರ ಭೇಟಿಯಾಗುತ್ತದೆ. ಹೀಗೆ ಪ್ರಪಂಚದಲ್ಲಿ ಕಳ್ಳತನದಿಂದ ಒಂದು ವಸ್ತುವನ್ನು ಒಯ್ಯುವ ಬದಲು ಇಟ್ಟುಬರುವ ಜನ ನಾವೊಬ್ಬರೇ ಇರಬೇಕು.

ಪಾರ್ವತಕ್ಕನನ್ನು ನಾನು ಅಕ್ಕ ಎನ್ನುವುದರಿಂದ ಶಾಂತಾಳಿಗೆ ನಾನು ಮಾಮ. ತವರಿನ ಗಂಟು ಹೊರುವುದು ಮಾಮನ ಹಕ್ಕು. ಗಂಟಿನಲ್ಲಿ ಒಂದು ಕುಬಸದ ಖಣ, ಮಾದಲಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಅಡಿಕೆ, ಕುಂಕುಮದ ಭರಣಿ ಇದ್ದವು. ಹಸಿರು ಗಾಜಿನ ಬಳೆಗಳನ್ನು ತಂಬ್ರಹಳ್ಳಿಯ ಬಳೆಗಾರನಿಂದ ತರಿಸಿ, ಅರಳೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟಿದ್ದಳು. ಬಸುರಿಯ ಕೈ ಉಬ್ಬಿರುತ್ತದೆಂದು ಒಂದಳತೆ ದೊಡ್ಡದನ್ನೇ ತರಿಸಿದ್ದಳು.

“ಗಂಟು ನೆಲಕ್ಕ ಇಡಬ್ಯಾಡ್ರಿ. ಬಳಿ ಒಡಿಬಾರದು. ತಿಂಗಳು ದಾಟಬಾರದು. ಯಾರಾರ ಮುತ್ತೈದಿ ಕೈಲೆ ಉಡಿ ತುಂಬಸ್ರಿ. ಮತ್ತ, ಏನಾರ ಆಗಲಿ, ಮನಿ ಬಿಟ್ಟು ಹೊಂಟ ಉಡಿ ಸಾಮಾನು ಹಿಂದಕ್ಕ ತರಬ್ಯಾಡ್ರಿ.”

“ಶಾಂತಾ ಯಾವ ಊರಾಗ ಅದಾಳವ್ವಾ?”

“ನ್ಯೂಕ್ಯಾಸಲ್‌ನ್ಯಾಗ. ಡಾಕ್ಟರ್ ಮನಿ ಅಂದ್ರ ಯಾರಾರ ತೋರಸ್ತಾರ.”

ಮನೆಯ ವಿಳಾಸ ಬರೆದುಕೊಡಬೇಕೆಂದು ಅವಳಿಗೂ ಹೊಳೆಯಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ನಮ್ಮ ಕಡೆಯ ಹಂಪಸಾಗರದಲ್ಲಿ ಡಾಕ್ಟರ ಮನೆಗೆ ಹೋಗುವಾಗ ಯಾರು ವಿಳಾಸ ಕೇಳುತ್ತಾರೆ? ಕಷ್ಟಕಾಲಕ್ಕಿರಲೆಂದು ಫೋನ್ ನಂಬರು ಮಾತ್ರ ಕೊಟ್ಟಳು. “ಮೊದಲಾ ಫೋನ್ ಹಚ್ಚಿ ಎಲ್ಲಾ ಕೆಡಸಬ್ಯಾಡ್ರಿ ಮತ್ತ” ಎಂದೂ ಹೇಳಿದಳು. ನನಗೆ ಚಿಂತೆಯೇನೂ ಇರಲಿಲ್ಲ. ನ್ಯೂಕ್ಯಾಸಲ್ ಎಂದರೆ ಕಲ್ಲಿದ್ದಲು. ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಇಂಗ್ಲೆಂಡಿನ ನಕ್ಷೆ ಬರೆದು, ಬಲಗಡೆ ಮೇಲ್ತುದಿಯಲ್ಲಿ ನಾನೇ ಚುಕ್ಕೆ ಇಟ್ಟ ಊರು ಅದು. ಶಾಂತಾಳೂ ಇಟ್ಟಿದ್ದಳು.

ವಿಮಾನದಲ್ಲಿ ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಪರಿಚಾರಿಕೆ ಮೂರು ಸಲ ಕಾಲಬುಡದಲ್ಲಿಡಿ ಎಂದಳು. ಮೂರು ಸಲವೂ ನನಗೆ ಇಂಗ್ಲಿಷ್ ಬರಲಿಲ್ಲ. ಲಂಡನ್ನಿನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಗಂಟು ಬಿಚ್ಚಿಸಿ ಮಾದಲಿಯನ್ನು ಮೂಸಿ ನೋಡಿ, ಇದೇನೆಂದು ಕೇಳಿದ. ಗೋಧಿ, ಬೆಲ್ಲ, ಏಲಕ್ಕಿ ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲವಾಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಒಂದು ಚಿಟಿಕೆ ತಿಂದ. ಆಮೇಲೆ ಇನ್ನೊಂದು ಚಿಟಿಕೆ ತಿಂದ. ಅದು ತನಿಖೆಗೆ ಬೇಕಿತ್ತೆಂದು ನನಗನ್ನಿಸುವುದಿಲ್ಲ.

ಶಾಲೆ ನೋಡುವುದರಲ್ಲೇ ನನ್ನ ವಾರಗಳು ಮುಗಿದವು. ಬಿಡುವೆಂದು ಸಿಕ್ಕಿದ್ದು ಕೊನೆಯ ಭಾನುವಾರ. ಸೋಮವಾರ ಬೀಳ್ಕೊಡುಗೆ, ಮಂಗಳವಾರ ವಿಮಾನ. ಶಾಂತಾಳ ಐದನೆಯ ತಿಂಗಳೂ ಆ ವಾರಕ್ಕೇ ಮುಗಿಯುತ್ತಿತ್ತು. ನನ್ನನ್ನು ಇಟ್ಟುಕೊಂಡಿದ್ದ ಲಂಡನ್ನಿನ ಮುದುಕರು ನಿವೃತ್ತ ಇತಿಹಾಸ ಮಾಸ್ತರರು. ನ್ಯೂಕ್ಯಾಸಲ್‌ಗೆ ಹೋಗುತ್ತೇನೆಂದಾಗ ಅವರು, ಯಾವ ನ್ಯೂಕ್ಯಾಸಲ್, ಎರಡಿವೆಯಲ್ಲ, ಎಂದರು. ಒಂದು ಟೈನ್ ಹೊಳೆಯ ದಂಡೆಯದು, ಬಹಳ ದೊಡ್ಡದು. ಇನ್ನೊಂದು ನಡುನಾಡಿನಲ್ಲಿ ಮಡಕೆ ಕುಡಿಕೆ ಮಾಡುವ ಊರುಗಳ ಮಗ್ಗುಲಲ್ಲಿದೆ, ಸಣ್ಣದು, ಅದರ ಹೆಸರಿಗೂ ಒಂದು ಬಾಲವಿದೆ. ಫೋನ್ ಮಾಡಿ ಕೇಳಿಬಿಡಿ, ಎಂದರು.

ಫೋನ್ ಮಾಡಿದರೆ ಕಳ್ಳಕುಬಸ ಕೆಡುತ್ತದೆ. ಅದನ್ನು ಅವರಿಗೆ ವಿವರಿಸುವುದಕ್ಕಿಂತ ಹಡಗಲಿಯ ಕಟ್ಟಳೆ ವಿವರಿಸುವುದು ಸುಲಭವೆನಿಸಿತು. ನಮ್ಮ ತಾಲ್ಲೂಕುಗಳಲ್ಲಿ ದೊಡ್ಡ ಊರಿಗೆ ಮಾತ್ರ ಬರೀ ಹೆಸರು, ಹುಡುಗಿಯ ತಾಯಿ ಬರೀ ನ್ಯೂಕ್ಯಾಸಲ್ ಎಂದಿದ್ದಾಳೆ, ಆದ್ದರಿಂದ ಇದು ದೊಡ್ಡದೇ ಎಂದು ನಿರೂಪಿಸಿದೆ. ಮುದುಕರು ಬಹಳ ಹೊತ್ತು ಯೋಚಿಸಿ, ತರ್ಕ ಸರಿಯಾಗಿದೆ ಎಂದರು. ಇತಿಹಾಸದವರನ್ನು ಒಪ್ಪಿಸುವುದು ಎಲ್ಲ ದೇಶದಲ್ಲೂ ಸುಲಭ. ಟಿಕೆಟ್ ಕೊಡುವವನೂ ನ್ಯೂಕ್ಯಾಸಲ್ ಎಂದ ಕೂಡಲೇ ಮರುಮಾತಿಲ್ಲದೆ ಹೋಗಿ ಬರುವ ಟಿಕೆಟ್ ಹರಿದುಕೊಟ್ಟ. ಥೇಟ್ ನಮ್ಮ ಕಂಡಕ್ಟರನೇ ಎಂದು ನನ್ನ ಧೈರ್ಯ ಇಮ್ಮಡಿಯಾಯಿತು.

ಆ ಪ್ರಯಾಣದ ಸುಖವನ್ನು ಮುಚ್ಚಿಡಲಾರೆ. ಪಾಠ ಹೇಳಿದ ಊರುಗಳು ಒಂದೊಂದಾಗಿ ಕಿಟಕಿಯಲ್ಲಿ ಬಂದು ಹಾಜರಿ ಹೇಳಿ ಹೋದವು. ಮಧ್ಯಾಹ್ನದ ಹೊತ್ತಿಗೆ ರೈಲು ಟೈನ್ ಹೊಳೆಯನ್ನು ದಾಟತೊಡಗಿತು. ಕೆಳಗೆ ಅಗಲವಾದ ನೀರು, ಅಕ್ಕಪಕ್ಕ ಒಂದರ ಹಿಂದೊಂದು ಸೇತುವೆಗಳು, ಅದರಲ್ಲೊಂದು ಬಿಲ್ಲಿನ ಹಾಗೆ ಬಾಗಿದ್ದು. ನಾನು ಗಂಟನ್ನು ಎತ್ತಿ ಹಿಡಿದು ಕಿಟಕಿಗೆ ತೋರಿಸಿದೆ. ಪಾರ್ವತಕ್ಕ ಮಾಡಿದ ಮಾದಲಿಯಾದರೂ ಇದನ್ನು ನೋಡಲಿ ಎನ್ನಿಸಿತು. ಮಗಳು ಒಳ್ಳೆಯ ಊರಲ್ಲಿದ್ದಾಳೆಂದು ನನಗೆ ಮನಸಾರೆ ಸಂತೋಷವಾಯಿತು.

ಸ್ಟೇಷನ್ನಿನಲ್ಲಿ ಇಳಿದು ಟಿಕೆಟ್ ನೋಡುವವನನ್ನು ಡಾಕ್ಟರ ಮನೆ ಎಲ್ಲಿ ಎಂದು ಕೇಳಿದೆ. ಯಾವ ಡಾಕ್ಟರು ಎಂದ. ಇಂಡಿಯಾದವರು ಎಂದೆ. ಅವನು ನಗಲಿಲ್ಲ, ಬಹಳ ಮರ್ಯಾದಸ್ತ. ಈ ಊರಿನಲ್ಲಿ ಆಸ್ಪತ್ರೆಗಳೇ ಹಲವಾರು, ಒಂದೊಂದರಲ್ಲೂ ಇಂಡಿಯಾದ ಡಾಕ್ಟರುಗಳು ತುಂಬಿದ್ದಾರೆ ಎಂದ. ಹರಪನಹಳ್ಳಿಯವರು ಎಂದು ಗುರುತು ಕೊಟ್ಟೆ. ಅದರಿಂದ ಅವನಿಗೆ ಹೆಚ್ಚಿನ ಅನುಕೂಲವಾಗಲಿಲ್ಲ. ನಾನು ಬೆಂಚಿನ ಮೇಲೆ ಕೂತೆ.

ಇದೇ ಹೊತ್ತಿಗೆ ಪಾಯಿಖಾನೆಗೂ ಹೋಗಬೇಕಾಯಿತು. ಗಂಟನ್ನು ನೆಲಕ್ಕಿಡುವಂತಿಲ್ಲ, ಒಳಗೆ ಒಯ್ಯುವಂತೆ ಮೊದಲೇ ಇಲ್ಲ. ಪಕ್ಕದಲ್ಲಿ ನಡುವಯಸ್ಸು ದಾಟಿದ ಒಬ್ಬ ಹೆಂಗಸು ಉಣ್ಣೆ ಹೆಣೆಯುತ್ತ ಕೂತಿದ್ದಳು, ಅವಳ ಆಚೆ ಪತ್ರಿಕೆಯ ಹಿಂದೆ ಅವಳ ಗಂಡ. ಸ್ವಲ್ಪ ಹಿಡಿದುಕೊಳ್ಳಿ, ದಯವಿಟ್ಟು ಕೆಳಗೆ ಇಡಬೇಡಿ ಎಂದು ಅವಳ ತೊಡೆಯ ಮೇಲಿಟ್ಟು ಓಡಿದೆ. ಬಂದಾಗ ಅವಳು ಹಾಗೇ ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಿದ್ದಳು, ಹೆಣಿಗೆ ಬದಿಗಿತ್ತು. ಇದರಲ್ಲೇನಿದೆ ಎಂದು ಕೇಳಿದಳು. ಹೇಳಿದೆ. ಅವಳ ಇಂಗ್ಲಿಷ್ ನಮ್ಮ ಪಠ್ಯಪುಸ್ತಕದ್ದಲ್ಲ, ಆ ಕಡೆಯ ಮಣ್ಣಿನದು. ನನ್ನ ಕಿವಿಗೆ ಅದು ಹಿರೇಹಡಗಲಿಯ ಮಾತಿನಂತೆಯೇ ಕೇಳಿಸಿದ್ದರಿಂದ ಹಾಗೇ ಕೊಡುತ್ತೇನೆ.

“ಯಾರ ಮನಿಗೆ ಹೊಂಟಿಯಪಾ?” ಎಂದಳು.

ಇಡೀ ಇಂಗ್ಲೆಂಡಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನನ್ನ ಕಣ್ಣು ತುಂಬಿ ಬಂತು. ಶಾಂತಾಳ ಹೆಸರು, ಗಂಡನ ಹೆಸರು, ಇಬ್ಬರ ಮನೆತನ ಎಲ್ಲ ಹೇಳಿ ಫೋನ್ ನಂಬರು ತೋರಿಸಿದೆ. ಅವಳು ಅದನ್ನು ದೂರ ಹಿಡಿದು ಓದಿದಳು.

“ಇದು ಇಲ್ಲಿ ನಂಬರ್ ಅಲ್ಲ. ಮುಂದಿನ ಅಂಕಿ ಬ್ಯಾರೆ ಅದಾವ. ಆಕಿ ಇನ್ನೊಂದು ನ್ಯೂಕ್ಯಾಸಲ್‌ನ್ಯಾಗ ಅದಾಳ ನೋಡು.”

“ನೀವು ಈ ಊರಿನವರೇ?” ಎಂದೆ. ಏನಾದರೂ ಹೇಳಬೇಕಿತ್ತು.

“ನಾವು ವಾಷಿಂಗ್ಟನ್‌ನವ್ರು. ಮುಂಜಾನಿ ಬಸ್ಸಿಗೆ ಬಂದ್ವಿ.”

ಭೂಗೋಳ ಮಾಸ್ತರನ ಬದುಕಿನಲ್ಲಿ ಇಂಥ ವಾಕ್ಯ ಒಂದೇ ಸಲ ಬರುತ್ತದೆ. ನಾನು ಕೇಳುವ ಮುಂಚೆ ಅವಳೇ ವಿವರಿಸಿದಳು. ಅವರ ಊರು ಅಲ್ಲೇ ಹತ್ತಿರ. ಅಮೆರಿಕದವರ ರಾಜಧಾನಿಗೆ ಹೆಸರು ಬಂದದ್ದೇ ಆ ಊರಿನ ಒಂದು ಮನೆತನದಿಂದ. “ಹೆಸರು ನಮ್ಮಿಂದ ಹೋದದ್ದು. ಈಗ ನಮಗ ಕಾಗದ ಬರದ್ರ ಅಲ್ಲಿಗೆ ಹೋಗಿ ಬರ್ತೈತಿ” ಎಂದಳು. ಹಿರೇಹಡಗಲಿಯ ದುಃಖ ಅಲ್ಲೂ ಇದೆಯೆಂದು ತಿಳಿದು ನನಗೆ ಎಷ್ಟೋ ಹಗುರಾಯಿತು.

ಅವಳೇ ಬೆಂಚಿನ ಪಕ್ಕದ ಡಬ್ಬಿ ಫೋನಿಗೆ ಕಾಸು ಹಾಕಿ ನಂಬರು ತಿರುಗಿಸಿ ನನ್ನ ಕೈಗೆ ಕೊಟ್ಟಳು.

“ಶಾಂತಾ, ನಾನವ್ವಾ, ಕೊಟ್ಟೂರಿನ ಮಾಸ್ತರ ಮಾಮ.”

“ಮಾಮಾ! ಎಲ್ಲಿಂದ ಮಾತಾಡಾಕತ್ತೀರಿ?”

“ನ್ಯೂಕ್ಯಾಸಲ್‌ನಿಂದ. ನೀ ಎಲ್ಲಿ ಅದೀ?”

“ನಾನೂ ನ್ಯೂಕ್ಯಾಸಲ್‌ನ್ಯಾಗ ಅದೀನಿ.”

ಕಾಸು ಒಳಗೆ ಬೀಳುವ ಸದ್ದು ಕೇಳಿಸಿತು.

“ಮಾಮಾ, ಅಲ್ಲಿ ಹೊಳಿ ಐತೇನು?”

“ಐತಿ. ದೊಡ್ಡದು.”

“ನಮ್ಮಲ್ಲಿ ಇಲ್ಲ ಮಾಮಾ” ಎಂದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ನಿಮ್ಮವ್ವ ಬರೇ ನ್ಯೂಕ್ಯಾಸಲ್ ಅಂದ್ಲು” ಎಂದು ನಾನು ನನ್ನ ಕಟ್ಟಳೆಯನ್ನು ಮುಂದೆ ಮಾಡಿದೆ. “ಇಲ್ಲಿ ನಾವೂ ಬರೇ ನ್ಯೂಕ್ಯಾಸಲ್ ಅಂತೀವಿ” ಎಂದಳು. ಅದು ನಿಜ. ಹಿರೇಹಡಗಲಿಯ ಹುಣಸೆಮರದ ಕೆಳಗೆ ಕೂತವರು ತಮ್ಮೂರನ್ನು ಹಿರೇ ಎನ್ನುವುದನ್ನು ನಾನೂ ಕೇಳಿಲ್ಲ. ಬಾಲ ಹಚ್ಚುವವರು ಬೇರೆ ಊರಿನವರು. ಇಷ್ಟು ವರ್ಷ ನಾನು ಕಟ್ಟಳೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾತ್ರ ಕಲಿತಿದ್ದೆ.

“ಅವ್ವ ಏನಾರ ಕಳಿಸ್ಯಾಳೇನು ಮಾಮಾ?” ಎಂದಳು. ದನಿ ಬದಲಾಗಿತ್ತು.

“ಶೇಂಗಾ ಚಟ್ನಿಪುಡಿ” ಎಂದೆ. ಕಳ್ಳಕುಬಸ ಕೆಡಬಾರದಲ್ಲ.

“ಶೇಂಗಾ ಚಟ್ನಿಪುಡಿ ನನಗ ಭಾಳ ಬೇಕಾಗೇತಿ ಮಾಮಾ” ಎಂದಳು. ಅವಳಿಗೆ ತಿಳಿದುಹೋಗಿತ್ತು. ಯೋಚಿಸಿದರೆ ಯಾವ ಕಳ್ಳಕುಬಸವೂ ಯಾವ ಹುಡುಗಿಗೂ ತಿಳಿಯದೆ ನಡೆದಿಲ್ಲ. ಐದನೆಯ ತಿಂಗಳಲ್ಲಿ ತವರಿನವರು ಸುಮ್ಮಸುಮ್ಮನೆ ಬಾಗಿಲಿಗೆ ಬಂದರೆ ಏಕೆಂದು ತಿಳಿಯದಷ್ಟು ದಡ್ಡರು ಯಾರಿದ್ದಾರೆ? ತಿಳಿಯದಂತೆ ಇರುವುದು ಅವಳ ಪಾಲಿನ ಶಾಸ್ತ್ರ.

ಆದರೆ ಗಂಟು ಮುಟ್ಟಿಸುವುದು ಹೇಗೆ? ಅವಳ ಊರಿಗೆ ಹೋಗಿ ಮರಳಿದರೆ ನನಗೆ ಬೀಳ್ಕೊಡುಗೆ ತಪ್ಪುತ್ತದೆ, ಆ ಭಾನುವಾರದ ರೈಲುಗಳನ್ನು ನಂಬಿದರೆ ವಿಮಾನವೂ ತಪ್ಪೀತು. ನಾನು ಫೋನನ್ನು ಎದೆಗೊತ್ತಿ ಹಿಡಿದು ಇದನ್ನೆಲ್ಲ ಆ ಹೆಂಗಸಿಗೆ ಹೇಳಿದೆ. ಪಾರ್ವತಕ್ಕನ ಎದುರು ಗಂಟು ಹಿಂದಕ್ಕೆ ತಂದು ನಿಲ್ಲುವುದಂತೂ ಸಾಧ್ಯವಿರಲಿಲ್ಲ. ಆಗ ಪತ್ರಿಕೆ ಮಡಚಿದ ಸದ್ದಾಯಿತು. ಅದುವರೆಗೆ ತುಟಿ ಬಿಚ್ಚದ ಆ ಗಂಡ ಒಂದೇ ಮಾತು ಹೇಳಿದ. “ಡಾನ್‌ಕಾಸ್ಟರ್.” ಹೇಳಿ ಮತ್ತೆ ಪತ್ರಿಕೆ ಬಿಚ್ಚಿದ.

ಅವರಿಬ್ಬರೂ ಹೊರಟದ್ದು ಅಲ್ಲಿಗೇ. ಅವರ ಮಗಳ ಮನೆ ಅಲ್ಲಿತ್ತು, ಆಕೆಯೂ ಬಸುರಿ. ನಾನು ಲಂಡನ್ನಿಗೆ ಮರಳುವ ದಾರಿಯಲ್ಲೇ ಆ ಊರು ಬರುತ್ತದೆ, ಶಾಂತಾಳ ಗಂಡ ಕಾರಿನಲ್ಲಿ ಅಲ್ಲಿಗೆ ಬರಬಹುದು. ಹಾಗೇ ಆಯಿತು. ಯಾವ ನ್ಯೂಕ್ಯಾಸಲ್ಲೂ ಅಲ್ಲದ ಮೂರನೆಯ ಊರಿನ ವೇಟಿಂಗ್ ರೂಮಿನಲ್ಲಿ, ದೊಡ್ಡ ಕೋಟು ತೊಟ್ಟ ಶಾಂತಾ ಗಂಡನ ಕೈ ಹಿಡಿದು ಒಳಗೆ ಬಂದಳು. ಬಂದವಳೇ ಏನೂ ಅರಿಯದ ಮುಖ ಮಾಡಿ, “ಏನ್ ತಂದೀರಿ ಮಾಮಾ?” ಎಂದಳು. ಅವಳು ಹಾಗೆ ಕೇಳಿದ್ದು ನೋಡಿ ನನಗೆ ಹೆಮ್ಮೆಯಾಯಿತು. ತವರಿನ ಹುಡುಗಿ ಎಲ್ಲಿದ್ದರೂ ಪದ್ಧತಿ ಬಿಟ್ಟಿರಲಿಲ್ಲ.

ಮುತ್ತೈದೆ ಬೇಕಿತ್ತು. ವಾಷಿಂಗ್ಟನ್ನಿನವಳು ತನ್ನ ಮಗಳ ಮನೆಗೆ ಹೋಗುವುದನ್ನು ಬಿಟ್ಟು ನಿಂತಿದ್ದಳು. ಅವಳ ಮುತ್ತೈದೆತನವನ್ನು ವಿಚಾರಿಸುವ ಅಗತ್ಯ ಬೀಳಲಿಲ್ಲ. ಮೂಲೆಯಲ್ಲಿ ಗಂಡ ಪತ್ರಿಕೆಯ ಪುಟ ತಿರುವುತ್ತಿದ್ದ, ಅಷ್ಟು ಸಾಕ್ಷಿ ಸಾಕು. ಶಾಂತಾಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆವು. ಪೂರ್ವ ಯಾವುದೆಂದು ನಾನು ಹೇಳಿದೆ. ಆ ದಿನ ನನ್ನ ಭೂಗೋಳ ಸರಿಯಾಗಿದ್ದು ಅಲ್ಲೊಂದೇ ಕಡೆ. ವೀಳ್ಯದೆಲೆಯನ್ನು ಅಲ್ಲೇ ಕೊಳ್ಳಿರೆಂದು ಪಾರ್ವತಕ್ಕ ಹೇಳಿದ್ದಳು, ನಾನು ಮರೆತಿದ್ದೆ. ವಾಷಿಂಗ್ಟನ್ನಿನವಳು ತನ್ನ ಬುತ್ತಿ ಬಿಚ್ಚಿ, ಎರಡು ಬ್ರೆಡ್ಡಿನ ನಡುವೆ ಇಟ್ಟಿದ್ದ ಹಸಿರೆಲೆಯನ್ನು ತೆಗೆದು, ಒರೆಸಿ ಕೊಟ್ಟಳು. ಎಲೆ ಎಲೆಯೇ. ನಾನು ಹೇಳಿಕೊಟ್ಟಂತೆ ಅವಳು ಕುಂಕುಮ ಹಚ್ಚಿದಳು, ಖಣ ಹಾಸಿ ಉತ್ತತ್ತಿ, ಕೊಬ್ಬರಿ, ಅರಿಷಿಣ ಉಡಿಗಿಟ್ಟಳು. ಬಳೆಗಳನ್ನು ಒಂದೊಂದಾಗಿ ಏರಿಸಿದಳು. ಒಂದೂ ಒಡೆದಿರಲಿಲ್ಲ. ಅಳತೆ ಸರಿಯಾಗಿ ಕೂತಿತು. ಅಷ್ಟು ದೂರದಲ್ಲಿದ್ದ ತಾಯಿಗೆ ಮಗಳ ಕೈ ಎಷ್ಟು ಉಬ್ಬೀತೆಂದು ಗೊತ್ತಿತ್ತಲ್ಲ ಎಂದು ನೆನೆದಾಗ ನನಗೆ ಅಳು ತಡೆಯಲಾಗಲಿಲ್ಲ. ಶಾಂತಾಳಂತೂ ಅದಕ್ಕೂ ಮುಂಚೆಯೇ ಶುರು ಮಾಡಿದ್ದಳು.

ಕೊನೆಗೆ ವಾಷಿಂಗ್ಟನ್ನಿನವಳು ತಾನು ಹೆಣೆಯುತ್ತಿದ್ದ ಪುಟ್ಟ ಟೋಪಿಯ ದಾರ ಕಡಿದು ಅದನ್ನೂ ಉಡಿಗೆ ಹಾಕಿದಳು. “ನನ್ನ ಮಗಳಿಗೆ ಇನ್ನೊಂದು ಹೆಣೀತೀನಿ, ಇನ್ನೂ ಟೈಮ್ ಐತಿ” ಎಂದಳು. ಡಾಕ್ಟರು ಎಲ್ಲರಿಗೂ ಚಾ ತಂದರು. ಮಾದಲಿಯನ್ನು ಎಲ್ಲರೂ ತಿಂದೆವು, ಪತ್ರಿಕೆಯ ಗಂಡನೂ ತಿಂದ. ಆಮೇಲೆ ನನ್ನ ರೈಲು ಬಂತು. ತೊಡೆಯ ಮೇಲೆ ಏನೂ ಇಲ್ಲದೆ ಕೂರುವುದು ರೂಢಿ ತಪ್ಪಿಹೋಗಿತ್ತು. ಲಂಡನ್ನಿನವರೆಗೂ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೊಟ್ಟೂರಿಗೆ ಬಂದಾಗ ಪಾರ್ವತಕ್ಕ ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದಳು.

“ಮುಟ್ತೇನ್ರಿ ಮಾಸ್ತರ್ರ?”

“ಮುಟ್ತು.”

“ನೆಲಕ್ಕ ಇಡಲಿಲ್ಲಲ್ರಿ?”

“ಇಲ್ಲ.”

“ಯಾವ ಮುತ್ತೈದಿ ಉಡಿ ತುಂಬಿದ್ಲು?”

“ವಾಷಿಂಗ್ಟನ್‌ನಾಕಿ.”

“ಅಯ್ಯ, ನನ್ನ ಮಗಳ ಸಲುವಾಗಿ ಅಷ್ಟು ದೂರದಿಂದ ಬಂದಿದ್ಲಾ!” ಎಂದು ಅವಳು ಕೈ ಮುಗಿದಳು. ಬಸ್ಸಿನಲ್ಲಿ ಬಂದಿದ್ದಳೆಂದು ನಾನು ಸೇರಿಸಲಿಲ್ಲ. ಆಮೇಲೆ ಅವಳು ತಡೆದು ತಡೆದು, ನಿಜವಾಗಿ ಕೇಳಬೇಕಿದ್ದನ್ನು ಕೇಳಿದಳು. “ಊರು ಹೆಂಗೈತ್ರಿ? ನನ್ನ ಮಗಳು ಇರೋ ಊರು?”

ಆ ಊರನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಅವಳು ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ನಾನು ಕಂಡ ನ್ಯೂಕ್ಯಾಸಲ್ಲನ್ನು ವರ್ಣಿಸಿದೆ. ಅಗಲವಾದ ಹೊಳೆ, ಸಾಲು ಸೇತುವೆ, ಅದರಲ್ಲೊಂದು ಬಿಲ್ಲಿನ ಹಾಗೆ, ಮೇಲೆ ರೈಲು ಹೋಗುವಾಗ ಕೆಳಗೆ ನೀರು ಹೊಳೆಯುವುದು. ಒಂದೇ ಒಂದು ಮಾತೂ ಸುಳ್ಳಲ್ಲ. ಪಾರ್ವತಕ್ಕ ಕಣ್ಣೊರೆಸಿಕೊಂಡಳು. ನೀರಿರುವ ಊರಲ್ಲಿ ಮಗಳಿದ್ದಾಳೆಂಬುದು ನಮ್ಮ ಕಡೆಯ ತಾಯಿಗೆ ಎಂಥ ಸಮಾಧಾನವೆಂದು ನಾನು ಯಾರಿಗೂ ವಿವರಿಸಬೇಕಾಗಿಲ್ಲ. ಮಾರನೆಯ ದಿನದಿಂದ ಆ ಹೊಳೆ ನಮ್ಮ ಓಣಿಯಲ್ಲಿ ಹರಿಯಿತು. ಶೇಂಗಾ ತರುವ ರೈತರಿಗೆ, ಹಡಗಲಿಯಿಂದ ಬಂದ ಬೀಗರಿಗೆ, ಕೂಡ್ಲಿಗಿಯ ದಲ್ಲಾಳಿಗಳಿಗೆ ಎಲ್ಲ ಅದರ ಅಗಲ ಗೊತ್ತಾಯಿತು. ಪ್ರತಿ ಸಲವೂ ಸ್ವಲ್ಪ ಅಗಲವಾಗುತ್ತಿತ್ತು.

ಎರಡು ವರ್ಷ ಕಳೆದು ಶಾಂತಾ ಮಗುವನ್ನು ಎತ್ತಿಕೊಂಡು ಕೊಟ್ಟೂರಿಗೆ ಬಂದಳು. ಮಗುವಿನ ತಲೆಗೆ ಈಗ ಹಿಡಿಯದ ಆ ಟೋಪಿಯನ್ನೂ ತಂದಿದ್ದಳು. ಪಡಸಾಲೆಯ ತುಂಬ ಓಣಿಯ ಹೆಂಗಸರು. ಪಾರ್ವತಕ್ಕ ಮಗಳ ಕೈ ಹಿಡಿದು, “ಹೇಳವ್ವಾ, ನಿಮ್ಮೂರ ಹೊಳಿ ಎಷ್ಟು ದೊಡ್ಡದೈತಿ, ಮ್ಯಾಲೆ ಎಂಥಾ ಸೇತುವಿ ಅದಾವ, ಇವರಿಗೆಲ್ಲಾ ಹೇಳು. ನಾ ಹೇಳಿದ್ರ ಉಬ್ಬಿಸಿ ಹೇಳ್ತೀನಿ ಅಂತಾರ” ಎಂದಳು. ನಾನು ಬಾಗಿಲ ಬಳಿ ಕೂತಿದ್ದೆ. ಶಾಂತಾ ತಾಯಿಯನ್ನು ನೋಡಿದಳು, ತಲೆಯೆತ್ತಿ ನನ್ನನ್ನು ನೋಡಿದಳು. ವೇಟಿಂಗ್ ರೂಮಿನಲ್ಲಿ ಕಳ್ಳಕುಬಸದ ಗಂಟನ್ನು ಅರಿಯದವಳಂತೆ ನೋಡಿದ ಅದೇ ಮುಖ.

“ಭಾಳ ದೊಡ್ಡದವ್ವಾ” ಎಂದಳು. “ತುಂಗಭದ್ರಾ ಇದ್ದಂಗ.”

ಪಾರ್ವತಕ್ಕ ಎಲ್ಲರ ಕಡೆ ಒಮ್ಮೆ ನೋಡಿ, ಚಾ ತರಲು ಒಳಗೆ ಹೋದಳು. ಶಾಂತಾ ಮಗುವನ್ನು ನನ್ನ ತೊಡೆಯ ಮೇಲಿಡುವ ನೆಪದಲ್ಲಿ ಬಗ್ಗಿ, ಕಿವಿಯಲ್ಲಿ ಕೇಳಿದಳು:

“ಮಾಮಾ, ಲಗೂನ ಹೇಳ್ರಿ. ನಮ್ಮೂರಾಗ ಸೇತುವಿ ಎಷ್ಟು ಅದಾವು?”